ಚಿತ್ರತುರಗನ್ಯಾಯವೂ ‘ಜಂಗಲ್ ಬುಕ್’ ಚಲಚ್ಚಿತ್ರಗಳೂ

೧

ಗೋಡೆಯ ಮೇಲೆ ಬರೆದಿರುವ ಕುದುರೆಯನ್ನು ಕಂಡು ನಾವು ‘ಇದು ಕುದುರೆ’ ಎನ್ನುತ್ತೇವೆ. ಹಾಗೆನ್ನುವಾಗ ಅದು ಹುಲ್ಲು ಮೇಯುವ ನಿಜವಾದ ಕುದುರೆಯೆಂಬ ಸಮ್ಯಗ್‌ಜ್ಞಾನ ನಮಗಿರುವುದಿಲ್ಲ. ಮೊದಲು ಕುದುರೆಯೆಂದು ಭ್ರಮಿಸಿ ಆಮೇಲೆ ಅಲ್ಲವೆಂದು ತಿಳಿಯುವ ಮಿಥ್ಯಾಜ್ಞಾನವೂ ಅದಲ್ಲ. ಕುದುರೆಯೋ ಅಲ್ಲವೋ ಎಂಬ ಸಂಶಯವಿಲ್ಲ. ಕುದುರೆಯನ್ನು ಹೋಲುತ್ತದೆಯೆಂಬ ಸಾದೃಶ್ಯದ ಎಣಿಕೆಯೂ ಇಲ್ಲ. ಈ ನಾಲ್ಕು ಬಗೆಯ ಜ್ಞಾನಗಳಿಗಿಂತಲೂ ಬೇರೆಯಾದ ಒಂದು ಪ್ರತೀತಿಯಿಂದ ನಾವು ಚಿತ್ರದ ಕುದುರೆಯನ್ನು ಕುದುರೆಯೆಂದು ಒಪ್ಪಿಕೊಳ್ಳುತ್ತೇವೆ. ರಂಗದ ಮೇಲಿನ ನಟನನ್ನು ಪ್ರೇಕ್ಷಕನು ರಾಮನೆಂದು ತಿಳಿಯುವುದೂ ಇದೇ ರೀತಿಯಲ್ಲಿಯೇ ಎಂದು ಶ್ರೀಶಂಕುಕನ ಮತ. ಅವನ ಗ್ರಂಥವು ನಮಗೆ ದೊರೆತಿಲ್ಲವಾದರೂ, ಅಭಿನವಗುಪ್ತನೂ ಮಮ್ಮಟನೂ ಅವನ ಅಭಿಪ್ರಾಯವನ್ನು ಅನುವಾದಮಾಡಿರುವುದರಿಂದ ‘ಚಿತ್ರತುರಗನ್ಯಾಯ’ವೆಂಬ ಈ ಮಾತು ನಮ್ಮ ಅಲಂಕಾರಶಾಸ್ತ್ರದಲ್ಲಿ ಉಳಿದುಬಂದಿದೆ.

ಈ ನ್ಯಾಯವನ್ನು ಪಾಠಹೇಳುವಾಗ ಇದೊಂದು ದೃಷ್ಟಾಂತಮಾತ್ರವೆಂದು ನಾನು ಬಹುಕಾಲ ಭಾವಿಸಿದ್ದೆ. ಆದರೆ ಇತ್ತೀಚೆಗೆ ದಾವಣಗೆರೆಯ ನಮ್ಮ ಮನೆಯಲ್ಲಿ, ಒಂದರ ಮರುದಿನ ಒಂದರಂತೆ, ಒಂದೇ ಕಥೆಯ ಎರಡು ಚಲಚ್ಚಿತ್ರಗಳನ್ನು ನೋಡುವ ಸಂದರ್ಭ ಒದಗಿತು. ಮೊದಲನೆಯದು ೧೯೬೭ರ ‘ಜಂಗಲ್ ಬುಕ್’. ಕೈಯಿಂದ ಬರೆದ ಚಿತ್ರಗಳನ್ನು ಸಾಲಾಗಿ ಓಡಿಸಿ ಜೀವ ಬಂದಂತೆ ತೋರಿಸುವ ಅನಿಮೇಷನ್ ಜಾತಿಯದು. ಎರಡನೆಯದು ಅದೇ ಹೆಸರಿನಿಂದ ಅದೇ ಸಂಸ್ಥೆ ೨೦೧೬ರಲ್ಲಿ ಹೊರತಂದದ್ದು. ಬರೆದ ಹುಲಿ, ಕರಡಿ, ತೋಳಗಳನ್ನು ತೆಗೆದು, ಅವುಗಳ ಜಾಗದಲ್ಲಿ ಒಂದೊಂದು ರೋಮವೂ ಎಣಿಸಲು ಬರುವಷ್ಟು ನಿಜವಾಗಿ ತೋರುವ ಮೃಗಗಳನ್ನೂ, ಬರೆದ ಹುಡುಗನ ಜಾಗದಲ್ಲಿ ಜೀವಂತ ಹುಡುಗನನ್ನೂ ನಿಲ್ಲಿಸಿರುವುದು. ಅನುಕೂಲಕ್ಕಾಗಿ ಮೊದಲನೆಯದನ್ನು ‘ಬರೆದ ಚಿತ್ರ’ವೆಂದೂ ಎರಡನೆಯದನ್ನು ‘ಹೊಸ ಚಿತ್ರ’ವೆಂದೂ ಕರೆಯುವೆನು. ಚಿತ್ರದ ಕುದುರೆಯನ್ನು ಒರಸಿ, ನಿಜದ ಕುದುರೆಯೆಂದೇ ಕಾಣುವ ಇನ್ನೊಂದನ್ನು ಅಲ್ಲಿ ನಿಲ್ಲಿಸಿದರೆ ಪ್ರೇಕ್ಷಕನ ಪ್ರತೀತಿ ಏನಾಗುವುದು? ಅದರಿಂದ ರಸಕ್ಕೆ ಲಾಭವೋ ನಷ್ಟವೋ? ಶಂಕುಕನಿಗೆ ಒದಗದಿದ್ದ ಈ ಪರೀಕ್ಷೆ ನಮ್ಮ ಕಾಲಕ್ಕೆ ಒದಗಿದೆ. ಅದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮಕ್ಕಳು ನೋಡುವ ಸಿನಿಮಾ ವಿದ್ವತ್‌ಪತ್ರಿಕೆಯ ಚರ್ಚೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಗೋವಿನ ಹಾಡೂ ಮಕ್ಕಳ ಬಾಯಲ್ಲಿಯೇ ಬೆಳೆದುಬಂದದ್ದು. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿಯೂ ಮಾತನಾಡುವುವು ಮೃಗಪಕ್ಷಿಗಳೇ. ಆದುದರಿಂದ ಆ ಶಂಕೆಗೆ ಹೆಚ್ಚಿನ ಸಮಾಧಾನ ಬೇಕಾಗಿಲ್ಲ.

೨

ಮೊದಲು ಈ ಕಥೆಯ ರೂಪಾಂತರಗಳ ಪೂರ್ವಾಪರವನ್ನು ತಿಳಿಯುವುದು ಅವಶ್ಯ. ರಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಪ್ರಕಟವಾದದ್ದು ೧೮೯೪ರಲ್ಲಿ. ಎರಡನೆಯ ಭಾಗ ೧೮೯೫ರಲ್ಲಿ. ತೋಳಗಳ ನಡುವೆ ಬೆಳೆದ ಮೌಗ್ಲಿಯ ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿಯ ಕಾಡುಗಳಲ್ಲಿ. ಆದರೆ ಈ ಗ್ರಂಥದ ಚಲಚ್ಚಿತ್ರಚರಿತ್ರೆ ಆರಂಭವಾಗುವುದು ಕನ್ನಡನಾಡಿನಲ್ಲಿ. ಇದರಲ್ಲಿನ ಆನೆಯ ಹುಡುಗ ತೂಮಾಯಿಯ ಕಥೆಯನ್ನು ಆಧರಿಸಿ, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ಎಂಬ ನಿರ್ದೇಶಕರು ಮೈಸೂರು ಸೀಮೆಯಲ್ಲಿ ಚಿತ್ರೀಕರಣ ನಡೆಸಿ ‘ಎಲಿಫೆಂಟ್ ಬಾಯ್’ ಎಂಬ ಚಿತ್ರವನ್ನು ೧೯೩೭ರಲ್ಲಿ ಹೊರತಂದರು. ಅದರ ನಾಯಕ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ೧೯೨೪ರಲ್ಲಿ ಹುಟ್ಟಿದ, ಮಾವುತನ ಮಗನಾದ ಸಾಬು. ಇದೇ ಸಾಬು ೧೯೪೨ರಲ್ಲಿ ಕೋರ್ಡಾ ನಿರ್ದೇಶಿಸಿದ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯ ಪಾತ್ರ ವಹಿಸಿದನು.

ಇದರಿಂದ ಒಂದು ಮುಖ್ಯವಾದ ಸಂಗತಿ ಸಿದ್ಧವಾಗುತ್ತದೆ. ಜೀವಂತ ಹುಡುಗ ಮೌಗ್ಲಿಯಾಗಿ ನಟಿಸಿದ ಚಿತ್ರ, ಬರೆದ ಚಿತ್ರಕ್ಕಿಂತ ಇಪ್ಪತ್ತೈದು ವರ್ಷ ಹಿಂದಿನದು. ಆದರೂ ೨೦೧೬ರಲ್ಲಿ ಹೊಸ ಚಿತ್ರ ಬಂದಾಗ ಜನರು ಅದನ್ನು ೧೯೪೨ರ ಚಿತ್ರದೊಡನೆ ಹೋಲಿಸಲಿಲ್ಲ. ಕಿಪ್ಲಿಂಗನ ಗ್ರಂಥದೊಡನೆಯೂ ಅಷ್ಟಾಗಿ ಹೋಲಿಸಲಿಲ್ಲ. ಹೋಲಿಸಿದ್ದು ಬರೆದ ಚಿತ್ರದೊಡನೆ. ಅಂದರೆ ಪ್ರೇಕ್ಷಕರ ಮನಸ್ಸಿನಲ್ಲಿ ‘ಮೂಲ’ದ ಪದವಿಯನ್ನು ಪಡೆದಿದ್ದುದು ರೇಖೆ ವರ್ಣಗಳ ಆ ಕೃತಿಯೇ. ಅದು ಕಿಪ್ಲಿಂಗನಿಗೆ ನಿಷ್ಠವಾಗಿದ್ದುದರಿಂದ ಈ ಪದವಿ ಬಂತೆನ್ನುವಂತಿಲ್ಲ. ಕಿಪ್ಲಿಂಗನಲ್ಲಿ ಕಾ ಎಂಬ ಹೆಬ್ಬಾವು ಮೌಗ್ಲಿಯ ಮಿತ್ರ. ಬರೆದ ಚಿತ್ರದಲ್ಲಿ ಶತ್ರು. ಕಿಪ್ಲಿಂಗನ ಕೋತಿಗಳಿಗೆ ನಾಯಕನೇ ಇಲ್ಲ, ಅದೇ ಅವುಗಳ ಹೀನತೆ. ಬರೆದ ಚಿತ್ರದಲ್ಲಿ ಲೂಯಿ ಎಂಬ ವಾನರರಾಜನಿದ್ದಾನೆ. ಕಿಪ್ಲಿಂಗನ ಮೌಗ್ಲಿ ಎಮ್ಮೆಗಳ ಹಿಂಡನ್ನು ನುಗ್ಗಿಸಿ ಷೇರ್‌ಖಾನನನ್ನು ಕೊಂದು, ಅದರ ತೊಗಲನ್ನು ತೋಳಗಳ ಸಭೆಯ ಬಂಡೆಯ ಮೇಲೆ ಹಾಸುತ್ತಾನೆ. ಬರೆದ ಚಿತ್ರದಲ್ಲಿ ಅವನು ನೀರು ತರಲು ಬಂದ ಹುಡುಗಿಯ ಹಿಂದೆ ಊರಿಗೆ ಹೋಗುತ್ತಾನೆ. ಇಷ್ಟು ಸ್ವಾತಂತ್ರ್ಯ ವಹಿಸಿದ ಕೃತಿ ಮೂಲವೆನಿಸಿಕೊಂಡಿತೆಂದ ಮೇಲೆ, ಹೊಸ ಚಿತ್ರವನ್ನು ನಿಷ್ಠೆಯ ತಕ್ಕಡಿಯಲ್ಲಿ ತೂಗುವುದು ವ್ಯರ್ಥ. ಅದರ ಗುಣದೋಷಗಳನ್ನು ನೋಡಬೇಕಾದದ್ದು ಬೇರೆಡೆಯಲ್ಲಿ.

೩

ಭರತನು ನಾಟ್ಯಶಾಸ್ತ್ರದಲ್ಲಿ ಧರ್ಮಿಗಳು ಎರಡೆನ್ನುತ್ತಾನೆ. ಲೋಕದಲ್ಲಿ ಇರುವಂತೆಯೇ ತೋರಿಸುವುದು ಲೋಕಧರ್ಮಿ. ಲೋಕದಲ್ಲಿಲ್ಲದ, ನಾಟ್ಯಕ್ಕೇ ವಿಶಿಷ್ಟವಾದ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ. ಪಕ್ಕದಲ್ಲಿರುವವನಿಗೆ ಕೇಳಿಸಲಿಲ್ಲವೆಂದು ಭಾವಿಸಿ ಆಡುವ ಸ್ವಗತ, ನಾಲ್ಕು ಹೆಜ್ಜೆ ಸುತ್ತಿದರೆ ಕಾಡನ್ನು ದಾಟಿದಂತಾಗುವ ಪರಿಕ್ರಮ, ದುಃಖದ ನಡುವೆ ಬರುವ ಹಾಡು, ಇವೆಲ್ಲ ನಾಟ್ಯಧರ್ಮಿಗೆ ಸೇರಿದುವು. ಬರೆದ ಚಿತ್ರವು ಆದ್ಯಂತವಾಗಿ ನಾಟ್ಯಧರ್ಮಿ. ಹುಲಿ ಮಾತನಾಡುವುದು, ಕರಡಿ ಕುಣಿಯುವುದು, ಆನೆಗಳು ಸಿಪಾಯಿಗಳಂತೆ ಕವಾಯತು ಮಾಡುವುದು, ಇವುಗಳಲ್ಲಿ ಒಂದನ್ನೂ ಲೋಕದೊಡನೆ ತಾಳೆನೋಡುವ ಯೋಚನೆ ನೋಡುವವನಿಗೆ ಬರುವುದಿಲ್ಲ. ರೇಖೆಯನ್ನು ಒಪ್ಪಿಕೊಂಡ ಕ್ಷಣದಲ್ಲಿಯೇ ಅವನು ಉಳಿದುದನ್ನೂ ಒಪ್ಪಿಕೊಂಡಿರುತ್ತಾನೆ.

ದಾವಣಗೆರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿಂದೋಡಿ ಮನೆತನದವರ ಕೆ. ಬಿ. ಆರ್. ಕಂಪೆನಿಯಂಥ ನಾಟಕಮಂಡಳಿಯನ್ನು ಕಂಡ ಊರಿದು. ಕಂಪೆನಿ ನಾಟಕಗಳಲ್ಲಿ ಸಾಯುತ್ತಿರುವ ಪಾತ್ರ ಹಾಡುವುದೂ, ಸಭೆಯವರು ‘ಒನ್ಸ್ ಮೋರ್’ ಎಂದು ಕೂಗಿದರೆ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುವುದೂ ಹಿರಿಯರು ಹೇಳುತ್ತಿದ್ದ ಮಾತು. ಅದನ್ನು ಕೇಳಿ ನಾವು ನಗುತ್ತೇವೆ. ಆದರೆ ಆ ಸಭೆಯವರು ಮುಂದಿನ ದೃಶ್ಯಕ್ಕೆ ಕಣ್ಣೀರನ್ನೂ ಹಾಕುತ್ತಿದ್ದರೆಂಬುದನ್ನು ಮರೆಯಬಾರದು. ಸಂಕೇತವನ್ನು ಸಂಕೇತವೆಂದು ತಿಳಿದವನಿಗೆ ಅದರಿಂದ ರಸಭಂಗವಿಲ್ಲ.

ಇದಕ್ಕಿಂತಲೂ ಸಮೀಪದ ನಿದರ್ಶನವೆಂದರೆ ಮೊಹರಂ ಕಾಲದ ಹುಲಿವೇಷ. ಮೈಗೆ ಹಳದಿ ಬಣ್ಣ ಬಳಿದು, ಕಪ್ಪು ಪಟ್ಟೆಗಳನ್ನು ಎಳೆದು, ಬಾಲ ಕಟ್ಟಿಕೊಂಡು, ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಬರುವವನು ಇಂಥ ಬೀದಿಯ ಇಂಥವನೆಂದು ಬಾಗಿಲಲ್ಲಿ ನಿಂತ ಮಗುವಿಗೆ ಗೊತ್ತು. ಆದರೂ ಅವನು ಒಮ್ಮೆ ಬಾಗಿ ನೋಡಿದೊಡನೆಯೇ ಅದು ತಾಯಿಯ ಸೆರಗಿನ ಹಿಂದೆ ಓಡುತ್ತದೆ, ಮರುಕ್ಷಣದಲ್ಲಿ ಇಣಿಕಿನೋಡುತ್ತದೆ. ಓಡಿದ್ದು ಭಯದಿಂದ, ಇಣಿಕಿದ್ದು ಆನಂದದಿಂದ. ನಿಜವಾದ ಹುಲಿ ಬಂದಿದ್ದರೆ ಇಣಿಕುವ ಸಂಭವವೇ ಇರಲಿಲ್ಲ. ಬರಿಯ ಮನುಷ್ಯ ಬಂದಿದ್ದರೆ ಓಡುವ ಸಂಭವವಿರಲಿಲ್ಲ. ಲೌಕಿಕವಾದ ಭಯವು ಭಯಾನಕರಸವಾಗುವುದು ಈ ಎರಡರ ಮಧ್ಯದಲ್ಲಿ. ಶಂಕುಕನ ಚಿತ್ರತುರಗವು ನಮ್ಮ ಬೀದಿಯಲ್ಲಿ ಹೀಗೆ ಚಿತ್ರವ್ಯಾಘ್ರವಾಗಿ ನಡೆದುಬರುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಶಂಕುಕನ ಮತವನ್ನು ಭಟ್ಟತೌತನೂ ಅವನ ಶಿಷ್ಯನಾದ ಅಭಿನವಗುಪ್ತನೂ ಖಂಡಿಸಿಲ್ಲವೇ, ಖಂಡಿತವಾದ ಮತವನ್ನು ಹಿಡಿದು ವಿಮರ್ಶೆ ಮಾಡುವುದು ಹೇಗೆ ಎಂದು ಕೇಳಬಹುದು. ಅವರು ಖಂಡಿಸಿದ್ದು ರಸವು ಸ್ಥಾಯಿಯ ಅನುಕರಣವೆಂಬ ಭಾಗವನ್ನು. ಸಿಂದೂರಾದಿ ವರ್ಣಗಳನ್ನು ಅವಯವಗಳ ಸನ್ನಿವೇಶಕ್ಕೆ ಸಮನಾಗಿ ಜೋಡಿಸಿದರೆ ಪಶುವಿನ ಆಕಾರದ ಹೋಲಿಕೆ ಬರಬಹುದು. ಆದರೆ ಚಿತ್ತವೃತ್ತಿಗೆ ಅಂಥ ಹೋಲಿಕೆಯನ್ನು ಜೋಡಿಸಲು ಬಾರದು ಎಂಬುದು ಅವರ ಆಕ್ಷೇಪದ ಸಾರ. ಈ ಆಕ್ಷೇಪವು ನಮ್ಮ ವಿಚಾರಕ್ಕೆ ಪ್ರತಿಕೂಲವಲ್ಲ; ಪರಮ ಅನುಕೂಲ. ಏಕೆಂದರೆ ಹೊಸ ಚಿತ್ರದ ಉದ್ಯಮವೆಲ್ಲವೂ ಈ ಅವಯವಸನ್ನಿವೇಶದ ಹೋಲಿಕೆಯಲ್ಲಿಯೇ ನಿಂತಿದೆ. ರೋಮ ಹೋಲಿದರೆ ಹುಲಿ ಬಂದೀತು, ಕ್ರೋಧ ಬಂದೀತೇ?

೪

ಹೊಸ ಚಿತ್ರದ ನಿರ್ದೇಶಕ ಜಾನ್ ಫಾವ್ರೋ. ಕಾಡು ಎಂದು ನಮಗೆ ತೋರುವುದೆಲ್ಲ ಕಾಡಲ್ಲ. ಲಾಸ್ ಏಂಜಲೀಸ್ ನಗರದ ಒಂದು ಚಿತ್ರಶಾಲೆಯಲ್ಲಿ ನೀಲ್ ಸೇಠಿ ಎಂಬ ಹುಡುಗನನ್ನು ಓಡಿಸಿ, ಹಾರಿಸಿ, ಸುತ್ತಲಿನ ಮರ, ನೀರು, ಮೃಗಗಳೆಲ್ಲವನ್ನೂ ಬಹುಮಟ್ಟಿಗೆ ಗಣಕಯಂತ್ರದಿಂದ ರಚಿಸಿದ್ದಾರೆ. ಈ ಕೆಲಸದಲ್ಲಿ ಅಂದು ಬೆಂಗಳೂರಿನಲ್ಲಿದ್ದ ಎಂ. ಪಿ. ಸಿ. ಶಾಖೆಯ ಕುಶಲಿಗಳಿಗೂ ಪಾಲಿತ್ತು. ದೃಶ್ಯಚಮತ್ಕಾರಕ್ಕಾಗಿ ಈ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಹೀಗೆ ವಿಚಾರಿಸಿದರೆ ಹೊಸ ಚಿತ್ರವೂ ಬರೆದದ್ದೇ. ಬರೆದದ್ದೆಂದು ಗೊತ್ತಾಗದಂತೆ ಬರೆದದ್ದು. ಅದೇ ನಿರ್ದೇಶಕನು ೨೦೧೯ರಲ್ಲಿ ಹೊಸದಾಗಿ ಮಾಡಿದ ‘ಲಯನ್ ಕಿಂಗ್’ ಚಿತ್ರದಲ್ಲಿ ನಿಜವಾಗಿ ಛಾಯಾಗ್ರಹಣಮಾಡಿದ ದೃಶ್ಯ ಒಂದೇ ಒಂದು. ಆದಕಾರಣ ಇವುಗಳ ವ್ಯತ್ಯಾಸ ಬರೆದದ್ದು, ಬರೆಯದ್ದು ಎಂಬುದರಲ್ಲಿಲ್ಲ. ಬರೆದದ್ದನ್ನು ಒಪ್ಪಿಕೊಳ್ಳುವುದು, ಮರೆಮಾಚುವುದು ಎಂಬುದರಲ್ಲಿದೆ.

ಷೇರ್‌ಖಾನನ ಪಾತ್ರವನ್ನೇ ತೆಗೆದುಕೊಳ್ಳೋಣ. ಬರೆದ ಚಿತ್ರದಲ್ಲಿ ಅವನು ಕಾಣಿಸಿಕೊಳ್ಳುವುದು ಕಥೆಯ ಬಹುಭಾಗ ಕಳೆದ ಮೇಲೆ. ಅವನಿಗೆ ಕಂಠವನ್ನು ಕೊಟ್ಟ ಜಾರ್ಜ್ ಸಾಂಡರ್ಸನ ಮುಖಭಾವವನ್ನೇ ಚಿತ್ರಕಾರರು ಹುಲಿಯ ಮುಖಕ್ಕೆ ಇಳಿಸಿದ್ದಾರೆ. ಹೆಬ್ಬಾವನ್ನು ವಿಚಾರಿಸುವಾಗ ಅವನು ಗರ್ಜಿಸುವುದಿಲ್ಲ. ವಿನಯದಿಂದ ಮಾತನಾಡುತ್ತ ಒಂದು ಉಗುರನ್ನು ಮೆಲ್ಲಗೆ ಹೊರತೆಗೆಯುತ್ತಾನೆ. ಹುಬ್ಬು ಏರುವುದು, ತುಟಿಯ ಒಂದು ಕೊನೆ ಕೊಂಕುವುದು, ರೆಪ್ಪೆ ಅರ್ಧ ಇಳಿಯುವುದು, ಈ ಅನುಭಾವಗಳಿಂದ ಗರ್ವವೂ ಅಡಗಿಸಿದ ಕ್ರೋಧವೂ ಅಂಗೈಯ ನೆಲ್ಲಿಯಂತೆ ತಿಳಿಯುತ್ತವೆ. ನಿಜವಾದ ಹುಲಿಗೆ ಇಂಥ ಹುಬ್ಬಿಲ್ಲ, ಇಂಥ ತುಟಿಯಿಲ್ಲ. ಹೊಸ ಚಿತ್ರದ ಹುಲಿ ನಿಜವಾದ ಹುಲಿಯಂತಿರಬೇಕೆಂದು ಪಣತೊಟ್ಟಿರುವುದರಿಂದ ಅದಕ್ಕೂ ಅವು ಇಲ್ಲ. ಆ ಕೊರತೆಯನ್ನು ತುಂಬಲು ಅದರ ಮುಖದಲ್ಲಿ ಬೆಂಕಿಯಿಂದ ಸುಟ್ಟ ಗಾಯವನ್ನೂ ಕುರುಡಾದ ಒಂದು ಕಣ್ಣನ್ನೂ ಇಟ್ಟಿದ್ದಾರೆ. ಗಾಯವು ಕ್ರೋಧದ ಕಾರಣವನ್ನು ಹೇಳಬಲ್ಲದೇ ಹೊರತು ಕ್ಷಣಕ್ಷಣಕ್ಕೂ ಏರಿ ಇಳಿಯುವ ಕ್ರೋಧವನ್ನು ತೋರಿಸಲಾರದು.

ಎರಡನ್ನೂ ನನ್ನೊಡನೆ ನೋಡಿದ ಎಂಟು ವರ್ಷದ ಮೊಮ್ಮಗಳು, ಮೊದಲ ದಿನ ಷೇರ್‌ಖಾನನು ಬಾಯಿ ತೆರೆಯುವ ಮೊದಲೇ ‘ಇವಂಗೆ ಸಿಟ್ಟು ಬಂತು’ ಎಂದು ಹೇಳಿದ್ದಳು. ಮರುದಿನ ಬಹಳ ಹೊತ್ತು ಸುಮ್ಮನಿದ್ದು, ‘ಅಜ್ಜ, ಈ ಹುಲಿಗೆ ಸಿಟ್ಟು ಬಂದೈತೋ ಇಲ್ಲೋ ಗೊತ್ತೇ ಆಗೋದಿಲ್ಲ’ ಎಂದಳು. ಅಭಿನವಗುಪ್ತನು ಎಣಿಸಿರುವ ಏಳು ರಸವಿಘ್ನಗಳಲ್ಲಿ ಕೊನೆಯದು ಸಂಶಯಯೋಗ. ಅನುಭಾವವು ಯಾವ ಭಾವಕ್ಕೆ ಸೇರಿದುದೆಂದು ನಿಶ್ಚಯವಾಗದಿರುವುದು. ಶಾಸ್ತ್ರವನ್ನರಿಯದ ಮಗು ಅದನ್ನೇ ತನ್ನ ಮಾತಿನಲ್ಲಿ ಹೇಳಿತು.

ಹಾಡುಗಳಲ್ಲಿ ಈ ತೊಡಕು ಇನ್ನೂ ಸ್ಪಷ್ಟ. ಬರೆದ ಚಿತ್ರದ ಬಾಲೂ ಎಂಬ ಕರಡಿ ಹಾಡುತ್ತ ಕುಣಿಯುತ್ತ ಇಡೀ ಕಾಡನ್ನೇ ತಾಳಕ್ಕೆ ತರುತ್ತಾನೆ. ಹೊಸ ಚಿತ್ರದವರು ಆ ಹಾಡನ್ನು ಬಿಡಲಾರದೆ ಉಳಿಸಿಕೊಂಡು, ಕರಡಿಯನ್ನು ನದಿಯಲ್ಲಿ ಅಂಗಾತ ತೇಲಿಸಿ, ಹುಡುಗನನ್ನು ಅದರ ಹೊಟ್ಟೆಯ ಮೇಲೆ ಕೂರಿಸಿ, ಮೆಲ್ಲಗೆ ಗುನುಗಿಸಿದ್ದಾರೆ. ಇಷ್ಟಾದರೆ ಲೋಕಕ್ಕೆ ಅಷ್ಟು ವಿರುದ್ಧವಲ್ಲವೆಂಬ ಲೆಕ್ಕ. ಅದು ಹೇಗೋ ಸಾಗುತ್ತದೆ. ಆದರೆ ಪಾಳುಬಿದ್ದ ಗುಡಿಯ ಕತ್ತಲಲ್ಲಿ ಬೆಟ್ಟದಂಥ ವಾನರರಾಜನು ಭಯವನ್ನು ಹುಟ್ಟಿಸುತ್ತ ಮಾತನಾಡಿ, ಆ ಭಯ ಕೂಡಿಬರುತ್ತಿರುವಾಗಲೇ ಹಾಡಲು ತೊಡಗಿದಾಗ ಎರಡೂ ಕೆಡುತ್ತವೆ. ಭಯಾನಕವು ಹಾಸ್ಯಕ್ಕೆ ಎಡೆಕೊಡುವುದಿಲ್ಲ, ಹಾಸ್ಯವು ಭಯಾನಕವನ್ನು ಉಳಿಯಗೊಡುವುದಿಲ್ಲ. ಕಂಪೆನಿ ನಾಟಕದ ಸಾಯುವ ಪಾತ್ರ ಹಾಡಿದರೆ ಕೆಡದ ರಸ ಇಲ್ಲಿ ಕೆಟ್ಟಿತೇಕೆ? ಅಲ್ಲಿ ನಾಟ್ಯಧರ್ಮಿ ಮೊದಲಿನಿಂದ ಕೊನೆಯವರೆಗೆ ಏಕಪ್ರಕಾರವಾಗಿತ್ತು. ಇಲ್ಲಿ ಲೋಕಧರ್ಮಿಯ ಕರಾರು ಮಾಡಿಕೊಂಡು ನಡುವೆ ಅದನ್ನು ಮುರಿದಿದ್ದಾರೆ.

ಇಷ್ಟರಿಂದ ಹೊಸ ಚಿತ್ರವು ನಿರರ್ಥಕವೆಂದು ಹೇಳಿದರೆ ಅನ್ಯಾಯವಾದೀತು. ಕಿಪ್ಲಿಂಗನ ಎರಡನೆಯ ಭಾಗದಿಂದ ಒಂದು ಪ್ರಸಂಗವನ್ನು ಇದು ಉದ್ಧರಿಸಿಕೊಂಡಿದೆ. ಬರಗಾಲದಲ್ಲಿ ನದಿ ಬತ್ತಿ, ನಡುವಿನ ಬಂಡೆ ಹೊರಗೆ ಕಂಡಾಗ, ಕಾಡಿನಲ್ಲಿ ಬೇಟೆ ನಿಲ್ಲುತ್ತದೆ. ಕೊಲ್ಲುವ ಮೃಗವೂ ಕೊಲ್ಲಿಸಿಕೊಳ್ಳುವ ಮೃಗವೂ ಒಂದೇ ನೀರಿಗೆ ಬರುತ್ತವೆ. ಇಲ್ಲಿ ಮುಖದ ಅನುಭಾವಗಳ ಅವಶ್ಯಕತೆಯಿಲ್ಲ. ಜಿಂಕೆಯ ಪಕ್ಕದಲ್ಲಿ ಚಿರತೆ ತಲೆಬಾಗಿಸಿ ನೀರು ಕುಡಿಯುವುದೇ ಸಾಕು. ಮೃಗಗಳು ನಿಜವಾಗಿ ತೋರಿದಷ್ಟೂ ಆ ಶಾಂತಿಯ ಬೆಲೆ ಹೆಚ್ಚು. ಬೇಸಗೆಯಲ್ಲಿ ಹರಿಹರದ ಸೇತುವೆಯಿಂದ ಸೊರಗಿದ ತುಂಗಭದ್ರೆಯನ್ನು ಕಂಡವರಿಗೆ ಈ ದೃಶ್ಯ ಇನ್ನಷ್ಟು ಮನಸ್ಸಿಗೆ ಹತ್ತುತ್ತದೆ. ಆನೆಗಳ ವಿಷಯವೂ ಹೀಗೆಯೇ. ಬರೆದ ಚಿತ್ರದಲ್ಲಿ ಅವು ನಗೆಗೆ ಗುರಿ. ಹೊಸ ಚಿತ್ರದಲ್ಲಿ ಅವು ಮಾತನ್ನೇ ಆಡುವುದಿಲ್ಲ, ಉಳಿದ ಮೃಗಗಳು ಅವುಗಳಿಗೆ ತಲೆಬಾಗುತ್ತವೆ. ಆ ಮೌನಕ್ಕೆ ಎಷ್ಟು ಗಾಂಭೀರ್ಯ! ಲೋಕಧರ್ಮಿ ಗೆದ್ದಿರುವುದು ಮೃಗವು ಮೃಗವಾಗಿಯೇ ಇರುವ ಕಡೆಗಳಲ್ಲಿ. ಸೋತಿರುವುದು ಮೃಗವು ಮನುಷ್ಯನಿಗೆ ಪ್ರತಿನಿಧಿಯಾಗಿ ನಿಂತ ಕಡೆಗಳಲ್ಲಿ. ಇದು ನಿಯಮವೆನ್ನುವಷ್ಟು ಕ್ರಮವಾಗಿ ನಡೆದಿದೆ.

೫

ಮನೆಯಲ್ಲಿ ನೋಡುವುದೆಂಬ ಸಂಗತಿಗೂ ಈ ವಿಚಾರದಲ್ಲಿ ಸ್ಥಾನವಿದೆ. ಅಭಿನವಗುಪ್ತನು ಹೇಳುವ ವಿಘ್ನಗಳಲ್ಲಿ ಮೂರನ್ನು ಇಲ್ಲಿ ನೆನೆಯಬಹುದು. ಮೊದಲನೆಯದು ಪ್ರತೀತಿಗೆ ಅಯೋಗ್ಯತೆ, ಅಂದರೆ ‘ಹೀಗೆಲ್ಲಾದರೂ ಉಂಟೇ’ ಎಂಬ ಅಸಂಭಾವನೆ. ಎರಡನೆಯದು ತನ್ನ ಅಥವಾ ಪರರ ದೇಶಕಾಲಗಳಲ್ಲಿ ಸಿಕ್ಕಿಕೊಂಡಿರುವುದು. ಮೂರನೆಯದು ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಕೊನೆಯ ಎರಡಕ್ಕೂ ಮನೆಯೇ ತವರು. ದೀಪ ಉರಿಯುತ್ತಿರುತ್ತದೆ, ಮಂಡಕ್ಕಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಬಾಗಿಲಿಗೆ ಯಾರೋ ಬಂದರೆಂದು ಚಿತ್ರವನ್ನು ನಿಲ್ಲಿಸುತ್ತಾರೆ. ಪೂರ್ವರಂಗವಿಲ್ಲ, ರಂಗಮಂದಿರವಿಲ್ಲ, ಕತ್ತಲೆಯ ನೆರವೂ ಇಲ್ಲ.

ಇಂಥ ಸ್ಥಿತಿಯಲ್ಲಿ ಬರೆದ ಚಿತ್ರವು ತಡೆದು ನಿಂತಿತು. ಹೊಸ ಚಿತ್ರವು ಮುಕ್ಕಾಯಿತು. ಬಾಗಿಲು ತೆರೆದು ಬಂದು ಕುಳಿತ ಮರುಕ್ಷಣದಲ್ಲಿ ಬಾಲೂವಿನ ಲೋಕದೊಳಕ್ಕೆ ಹೋಗುವುದು ಸಾಧ್ಯವಾಯಿತು. ಏಕೆಂದರೆ ಆ ಲೋಕ ನಮ್ಮ ಲೋಕದೊಡನೆ ಸ್ಪರ್ಧೆಗೆ ನಿಂತಿಲ್ಲ. ಹೊಸ ಚಿತ್ರವಾದರೋ ತಾನೇ ಪ್ರತ್ಯಕ್ಷವೆನಿಸಿಕೊಳ್ಳಲು ಬಯಸುತ್ತದೆ. ಪಕ್ಕದಲ್ಲಿಯೇ ಅದಕ್ಕಿಂತ ಪ್ರತ್ಯಕ್ಷವಾದ ಕುರ್ಚಿ, ತಟ್ಟೆ, ಗೋಡೆಗಳಿರುವಾಗ ಆ ಬಯಕೆ ಈಡೇರುವುದಿಲ್ಲ. ದೊಡ್ಡ ತೆರೆಯ ಮುಂದೆ, ಕತ್ತಲಲ್ಲಿ, ಅದರ ಬಲ ಹೆಚ್ಚೆಂಬುದನ್ನು ಒಪ್ಪುತ್ತೇನೆ. ಆದರೆ ಮಕ್ಕಳು ಕೃತಿಯೊಂದನ್ನು ಹತ್ತು ಬಾರಿ ನೋಡಿ ತಮ್ಮದಾಗಿ ಮಾಡಿಕೊಳ್ಳುವುದು ಮನೆಯಲ್ಲಿ. ಆದುದರಿಂದ ಮನೆಯನ್ನು ಕೀಳಾದ ರಂಗಮಂದಿರವೆಂದು ತಳ್ಳುವುದಕ್ಕಿಂತ, ಒರೆಗಲ್ಲೆಂದು ತಿಳಿಯುವುದು ಯುಕ್ತ.

ಮೊದಲನೆಯ ವಿಘ್ನದ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಸಂಭಾವನೆಯನ್ನು ನೀಗುವುದಕ್ಕಾಗಿಯೇ ಹೊಸ ಚಿತ್ರದವರು ಇಷ್ಟು ಶ್ರಮಪಟ್ಟು ನಿಜದಂಥ ಮೃಗಗಳನ್ನು ಮಾಡಿದರು. ಅಭಿನವಗುಪ್ತನು ಹೇಳುವ ಪರಿಹಾರ ಬೇರೆ: ಅಲೌಕಿಕವಾದ ವ್ಯಾಪಾರವನ್ನು ತೋರಿಸಬೇಕಾದಾಗ ರಾಮಾದಿಗಳ ಪ್ರಸಿದ್ಧಿಯನ್ನು ಆಶ್ರಯಿಸಬೇಕು, ಬಹುಕಾಲದಿಂದ ಹೃದಯದಲ್ಲಿ ಬೇರೂರಿದ ಹೆಸರೇ ನಂಬಿಕೆಯನ್ನು ತರುತ್ತದೆ. ಹೊಸ ಚಿತ್ರವನ್ನು ನೋಡುವವನು ಮಾತನಾಡುವ ಕರಡಿಯನ್ನು ನಂಬುವುದು ರೋಮ ನಿಜವಾಗಿದೆಯೆಂದೋ, ಬಾಲ್ಯದಲ್ಲಿಯೇ ಬಾಲೂವನ್ನು ಕಂಡಿದ್ದೇನೆಂದೋ? ಎರಡನೆಯದೆಂದೇ ನನ್ನ ನಿರ್ಣಯ. ಬರೆದ ಚಿತ್ರ ಗಳಿಸಿಟ್ಟ ಪ್ರಸಿದ್ಧಿಯಿಂದ ಹೊಸ ಚಿತ್ರ ಜೀವಿಸುತ್ತದೆ. ಜೀವಿಸುತ್ತಲೇ, ತಾನು ಅದಕ್ಕಿಂತ ನಿಜವೆಂದು ಹೇಳಿಕೊಳ್ಳುತ್ತದೆ.

೬

ಮುಖದ ಅನುಭಾವಗಳು ಕುಂಠಿತವಾದರೆ ಭಾರವೆಲ್ಲವೂ ವಾಚಿಕದ ಮೇಲೆ ಬೀಳುತ್ತದೆ. ಹೊಸ ಚಿತ್ರದಲ್ಲಿ ಆಂಗಿಕದಿಂದ ಆಗದ ಕೆಲಸವನ್ನು ಕಂಠವೇ ಮಾಡಬೇಕಾಗಿದೆ. ಅಕೇಲನನ್ನು ಕೊಂದ ಮೇಲೆ ಷೇರ್‌ಖಾನನು ತೋಳದ ಮರಿಗಳನ್ನು ಸುತ್ತ ಕೂರಿಸಿಕೊಂಡು ಕೋಗಿಲೆಯ ಕಥೆ ಹೇಳುವ ದೃಶ್ಯ ಮನಸ್ಸಿನಲ್ಲಿ ಉಳಿಯುವುದು ಕೇವಲ ಧ್ವನಿಯಿಂದ. ಹಿಂದೀ ರೂಪಕ್ಕೆ ನಾನಾ ಪಾಟೇಕರ್, ದಿವಂಗತ ಓಂ ಪುರಿ, ದಿವಂಗತ ಇರ್ಫಾನ್ ಖಾನ್ ಮೊದಲಾದ ಸಮರ್ಥರು ಕಂಠವನ್ನು ಕೊಟ್ಟರು. ೧೯೯೦ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಜಪಾನೀ ಚಿತ್ರಮಾಲೆಯ ಹಿಂದೀ ರೂಪದಲ್ಲಿಯೂ ಷೇರ್‌ಖಾನನ ಕಂಠ ನಾನಾ ಪಾಟೇಕರರದೇ. ಅದಕ್ಕಾಗಿ ಗುಲ್ಜಾರರು ಬರೆದಿದ್ದ ಹಾಡನ್ನು ಹೊಸ ಚಿತ್ರದ ಪ್ರಚಾರಕ್ಕಾಗಿ ಮತ್ತೆ ಹಾಡಿಸಿದರು. ಹಿಂದೀ ಪ್ರೇಕ್ಷಕನಿಗೆ ಹೀಗೆ ಬಾಲ್ಯದ ಕಂಠ ಹಿಂದಿರುಗಿ ಬಂದಿತು.

ಭಾರತದಲ್ಲಿ ಹೊಸ ಚಿತ್ರ 2016ರ ಏಪ್ರಿಲ್‌ನಲ್ಲಿ ತೆರೆಕಂಡದ್ದು ಇಂಗ್ಲಿಷು, ಹಿಂದೀ, ತಮಿಳು, ತೆಲುಗು ಭಾಷೆಗಳಲ್ಲಿ, ಕನ್ನಡದಲ್ಲಿ ಅಲ್ಲ. ಪರಭಾಷಾಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸಬಾರದೆಂಬ ನಿರ್ಬಂಧ ೧೯೬೦ರ ದಶಕದಿಂದ ರೂಢಿಯಲ್ಲಿ ಬಂದಿತ್ತು. ಅಂದು ಅದಕ್ಕೆ ಕಾರಣವಿಲ್ಲದಿರಲಿಲ್ಲ. ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮವನ್ನು ಉಳಿಸಿಕೊಳ್ಳಬೇಕಾಗಿತ್ತು. ೨೦೧೫ರಲ್ಲಿ ಭಾರತ ಸ್ಪರ್ಧಾ ಆಯೋಗವು ಆ ನಿರ್ಬಂಧವನ್ನು ನ್ಯಾಯಸಮ್ಮತವಲ್ಲವೆಂದು ನಿರ್ಣಯಿಸಿತು. ಅನಂತರ ೨೦೨೨ರ ‘ಅವತಾರ್’ ಎರಡನೆಯ ಭಾಗದಂಥ ಚಿತ್ರಗಳು ಕನ್ನಡದಲ್ಲಿಯೂ ಬಂದಿವೆ. ಆದರೆ ನಡುವಿನ ಅರ್ಧ ಶತಮಾನದಲ್ಲಿ ಕನ್ನಡದ ಮಕ್ಕಳು ಮಾತನಾಡುವ ಮೃಗಗಳನ್ನು ಕಂಡದ್ದು ಪರಭಾಷೆಗಳಲ್ಲಿ. ಪಂಚತಂತ್ರದ ಕಾಲದಿಂದ ಕನ್ನಡವಾಡಿದ ಸಿಂಹಕ್ಕೂ, ಪುಣ್ಯಕೋಟಿಯೊಡನೆ ಕನ್ನಡದಲ್ಲಿ ವಾದಿಸಿ ಕೊನೆಗೆ ಕನ್ನಡದಲ್ಲಿಯೇ ಪಶ್ಚಾತ್ತಾಪಪಟ್ಟ ಅರ್ಬುತನಿಗೂ ತೆರೆಯ ಮೇಲೆ ವಾರಸುದಾರರಿಲ್ಲದೆ ಹೋಯಿತು. ಬೆಂಗಳೂರಿನವರು ರೋಮವನ್ನು ಬರೆದ ಮೃಗಗಳಿಗೆ ಕನ್ನಡದ ನಾಲಗೆಯಿರಲಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಅಪ್ರಕೃತವಲ್ಲ. ಹಿಂದೀ ಧ್ವನಿಯಲ್ಲಿ ಚಿತ್ರ ನಡೆಯುತ್ತಿರಲು, ಮನೆಯಾಕೆ ಮೊಮ್ಮಗಳಿಗಾಗಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ಅನುವಾದವಾಗಿದ್ದುದು ಬರಬರುತ್ತ ಸ್ವತಂತ್ರವಾಯಿತು. ಹುಲಿಗೆ ಒಂದು ಸ್ವರ, ಕರಡಿಗೆ ಒಂದು ಸ್ವರ, ತಾಯಿತೋಳಕ್ಕೆ ತನ್ನದೇ ಸ್ವರ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕುಳಿತ ಕಲಾವಿದನು ಎಲ್ಲ ಪಾತ್ರಗಳಿಗೂ ಮಾತು ಕೊಡುವುದು ಹೀಗೆಯೇ. ಆಗ ಒಂದು ಆಶ್ಚರ್ಯ ನಡೆಯಿತು. ಹಿಂದಿನ ಗಳಿಗೆಯಲ್ಲಿ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯದಿದ್ದ ಹುಲಿಗೆ ಈಗ ಸಿಟ್ಟು ಬಂದದ್ದು ತಿಳಿಯಿತು. ಮಗು ಅಜ್ಜಿಯ ಮಗ್ಗುಲಿಗೆ ಸರಿಯಿತು. ತೆರೆಯ ಮೇಲಿನ ಹುಲಿ ಬದಲಾಗಿರಲಿಲ್ಲ. ಸೇರಿದ್ದು ಸ್ವರ, ಅದೂ ಮನೆಯ ಭಾಷೆಯ ಸ್ವರ.

೭

ಮರುವಾರ ಹರಿಹರಕ್ಕೆ ಹೋಗಿದ್ದಾಗ ಈ ವಿಚಾರಕ್ಕೆ ಒಂದು ಮುಕ್ತಾಯ ದೊರೆಯಿತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಹರಿಹರೇಶ್ವರನ ಮೂರ್ತಿಯಿದೆ. ಬಲಭಾಗ ಹರ, ಎಡಭಾಗ ಹರಿ. ಶಿಲ್ಪಿ ಒಂದೇ ಶಿಲೆಯಲ್ಲಿ ಇಬ್ಬರನ್ನೂ ಕೂಡಿಸಿದ್ದಾನೆ; ಆದರೆ ಒಬ್ಬನನ್ನು ಇನ್ನೊಬ್ಬನಲ್ಲಿ ಕರಗಿಸಿಲ್ಲ. ಯಾವ ಕಡೆ ಯಾರೆಂಬುದನ್ನು ಲಾಂಛನಗಳಿಂದ ಮಗುವೂ ಹೇಳಬಲ್ಲದು. ಒಬ್ಬ ದೇವರಿಂದ ಸಾಯದ ವರವನ್ನು ಪಡೆದಿದ್ದ ಗುಹಾಸುರನನ್ನು ಕೊಲ್ಲುವುದಕ್ಕಾಗಿ ಈ ರೂಪ ಬಂದಿತೆಂದು ಸ್ಥಳಪುರಾಣ ಹೇಳುತ್ತದೆ. ಸಂಯೋಗಕ್ಕೆ ಪ್ರಯೋಜನವಿತ್ತು, ಸಂಧಿಯನ್ನು ಮುಚ್ಚುವ ಪ್ರಯತ್ನವಿರಲಿಲ್ಲ.

ಹೊಸ ಚಿತ್ರದ ದೋಷ ಎರಡನ್ನು ಕೂಡಿಸಿದ್ದಲ್ಲ. ಕೂಡಿಸಿದ ಗೆರೆಯನ್ನು ಅಳಿಸಲು ಹೋದದ್ದು. ಜೀವಂತ ಹುಡುಗನನ್ನು ಒಪ್ಪಿಕೊಂಡು ಮೃಗಗಳನ್ನು ಚಿತ್ರಗಳಾಗಿಯೇ ಉಳಿಸಿದ್ದರೆ, ಅಥವಾ ಮೃಗಗಳನ್ನು ನಿಜವಾಗಿಸಿ ಆನೆಗಳಂತೆ ಮೌನವಾಗಿ ಇರಿಸಿದ್ದರೆ, ಎರಡರಲ್ಲಿ ಯಾವುದಾದರೂ ಸಾಧುವಾಗುತ್ತಿತ್ತು. ಚಿತ್ರತುರಗನ್ಯಾಯವು ನಮಗೆ ತಿಳಿಸುವ ಪಾಠ ಇಷ್ಟು: ಕುದುರೆಯ ಪ್ರತೀತಿಗೆ ಬೇಕಾದದ್ದು ಕುದುರೆಯ ರೋಮವಲ್ಲ, ನೋಡುವವನ ಸಮ್ಮತಿ. ಆ ಸಮ್ಮತಿಯನ್ನು ಮೋಸದಿಂದ ಪಡೆಯಲು ಬರುವುದಿಲ್ಲ. ಕೇಳಿ ಪಡೆಯಬೇಕು, ಅದೂ ನೋಡುವವನ ಭಾಷೆಯಲ್ಲಿ ಕೇಳಬೇಕು.

ಕಾವ್ಯಮೀಮಾಂಸೆಯನ್ನು ಪಾಠಹೇಳುವ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಶಂಕುಕನ ಮತವನ್ನು ಹೇಳುವ ದಿನ ಈ ಎರಡು ಚಿತ್ರಗಳ ಒಂದೊಂದು ದೃಶ್ಯವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಯಾವ ಹುಲಿಗೆ ಸಿಟ್ಟು ಬಂದಿದೆಯೆಂದು ಕೇಳಿರಿ. ಆಮೇಲೆ ಧ್ವನಿಯನ್ನು ನಿಲ್ಲಿಸಿ, ಅವರಲ್ಲಿಯೇ ಒಬ್ಬರಿಂದ ಷೇರ್‌ಖಾನನ ಮಾತನ್ನು ಕನ್ನಡದಲ್ಲಿ ಹೇಳಿಸಿರಿ. ಸೂತ್ರವು ತನ್ನಷ್ಟಕ್ಕೆ ತಾನೇ ಅರ್ಥವಾಗುವುದು.